ಗಾಯವಾದ ಸ್ನಾಯು ಮತ್ತೆ ಎಳೆಯಿತಾ?

ಬಳ್ಳಾರಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ನಾನು ಜೀವಕೋಶಗಳಿಂದ ಸ್ನಾಯು ಬೆಳೆಸುತ್ತೇನೆ. ಬೆಳೆದ ಮೇಲೆ ಬೇಕಂತಲೇ ಅದಕ್ಕೆ ಗಾಯ ಮಾಡಿ, ಯಾವ ಔಷಧಿಗೆ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಅಂತ ನೋಡುತ್ತೇನೆ. ಸಣ್ಣಪುಟ್ಟ ಪೆಟ್ಟಾದರೆ ಸ್ನಾಯು ತಾನಾಗೇ ಸರಿಹೋಗುತ್ತದೆ. ಲಾರಿಯಡಿ ಸಿಕ್ಕಿ ತೊಡೆಯ ಮಾಂಸವೇ ಕಿತ್ತುಹೋದರೆ ಹಾಗಲ್ಲ. ಅಲ್ಲಿ ಗಟ್ಟಿ ಕಲೆ ಕೂರುತ್ತದೆ, ಬಲ ವಾಪಸ್ ಬರಲ್ಲ. ಅದಿರು ಲಾರಿಗಳ ಸಾಲು ನೋಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೈ ಪಳಗಿಸಿಕೊಳ್ಳಲು ಸಿ2ಸಿ12 ಎಂಬ ಇಲಿ ಸ್ನಾಯುವಿನ ಜೀವಕೋಶಗಳೇ ಒಳ್ಳೆಯವು. ಇವುಗಳ ಮೂಲ ತಳಿಯನ್ನು 1977ರಲ್ಲಿ ಯಾಫೆ ಮತ್ತು ಸಾಕ್ಸೆಲ್ ಎಂಬ ವಿಜ್ಞಾನಿಗಳು ಇಲಿಯ ತೊಡೆಯಿಂದ ತೆಗೆದರು. 37 ಡಿಗ್ರಿಯಲ್ಲಿ ಸೀರಮ್ (ರಕ್ತದ ತಿಳಿ ದ್ರವ) ಜಾಸ್ತಿ ಕೊಟ್ಟರೆ ಸುಮ್ನೆ ಹೆಚ್ಚುತ್ತಾ ಹೋಗುತ್ತವೆ. ಅದನ್ನು ತೆಗೆದು 2% ಕುದುರೆ ಸೀರಮ್ ಹಾಕಿದರೆ, ಹೆಚ್ಚುವುದನ್ನು ಬಿಟ್ಟು ಒಂದಕ್ಕೊಂದು ಬೆಸೆದು ಉದ್ದನೆಯ ಎಳೆಗಳಾಗುತ್ತವೆ.

ಬರೀ ತಟ್ಟೆಯಲ್ಲಿ ಬೆಳೆಸಿದರೆ ಎಳೆಗಳು ದಿಕ್ಕಾಪಾಲಾಗಿ ಹರಡುತ್ತವೆ. ಅದಕ್ಕೇ ಜೀವಕೋಶಗಳನ್ನು ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿದಾಗ ಆಗುವ ಪ್ರೋಟೀನಿನ ಜೆಲ್ಲಿನಲ್ಲಿ ಕಲಸಿ ಎರಡು ಸಿಲಿಕೋನ್ ಕಂಬಗಳ ಸುತ್ತ ಸುರಿಯುತ್ತೇನೆ. ಹೆಪ್ಪುಗಟ್ಟಿಸುವ ಕಿಣ್ವ ಥ್ರಾಂಬಿನ್ ಬಿದ್ದ ಕೂಡಲೇ ಜೆಲ್ ಕಟ್ಟಿಕೊಳ್ಳುತ್ತದೆ. ನಮ್ಮೂರ ಬೇಸಿಗೆಯಲ್ಲಂತೂ ಪಿಪೆಟ್ ತುದಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ಟ್ಯೂಬು, ಪಿಪೆಟ್ ತುದಿ ಎಲ್ಲಾ ಮೊದಲೇ ತಣ್ಣಗಿರಬೇಕು, ಸುರಿಯುವಾಗ ಕೈ ನಿಲ್ಲಬಾರದು. ಜೀವಕೋಶಗಳು ಈ ಜೆಲ್ಲನ್ನೇ ಕರಗಿಸುತ್ತವೆ. ಅದನ್ನು ತಡೆಯಲು ಅಮಿನೊಕ್ಯಾಪ್ರೊಯಿಕ್ ಆಮ್ಲ ಬೆರೆಸುತ್ತೇನೆ. ದಿನ ಕಳೆದಂತೆ ಜೆಲ್ ಕುಗ್ಗಿ, ಕಂಬಗಳ ನಡುವೆ ಬಿಗಿಯಾಗುತ್ತದೆ. ಆ ಬಿಗಿತದಿಂದಲೇ ಎಳೆಗಳು ಒಂದೇ ದಿಕ್ಕಿಗೆ ಸಾಲಾಗುತ್ತವೆ.

ಕರೆಂಟಿನ ಸಣ್ಣ ಮಿಡಿತ ಕೊಟ್ಟರೆ ಈ ಸ್ನಾಯುವಿನ ಪಟ್ಟಿ ಕುಗ್ಗಿ ಕಂಬವನ್ನು ಒಳಕ್ಕೆ ಎಳೆಯುತ್ತದೆ. "ಮೇಡಂ, ಇದು ಜೀವ ಐತಲ್ರೀ!" ಅಂದಿದ್ದರು ನಮ್ಮ ಅಟೆಂಡರ್ ಅಕ್ಕ, ಮೈಕ್ರೋಸ್ಕೋಪ್ ಬಿಟ್ಟು ಏಳದೆ. ಕಂಬ ಎಷ್ಟು ಬಾಗಿತು ಅಂತ ಅಳೆದರೆ ಬಲ ಎಷ್ಟು ಅಂತ ಸಿಗುತ್ತದೆ. ನನಗೆ ಈ ಲೆಕ್ಕವೇ ಮುಖ್ಯ. ಬಣ್ಣ ಹಾಕಿ ತೆಗೆದ ಚಿತ್ರದಲ್ಲಿ ಎಳೆಗಳು ಎಷ್ಟೇ ಚೆನ್ನಾಗಿ ಕಂಡರೂ, ಎಳೆಯದಿದ್ದರೆ ಅದು ವಾಸಿಯಾದ ಸ್ನಾಯುವಲ್ಲ. ಹಾಗಾಗಿ ಒಂದೊಂದು ಪಟ್ಟಿಯ ಬಲವನ್ನೂ ಗಾಯಕ್ಕೆ ಮೊದಲು, ಆಮೇಲೆ ಅಳೆಯುತ್ತೇನೆ. ಔಷಧಿ ಹಾಕದ ಪಟ್ಟಿ, ಗಾಯವೇ ಮಾಡದ ಪಟ್ಟಿ ಎರಡೂ ಪಕ್ಕದಲ್ಲಿರಲೇಬೇಕು.

ಗಾಯಕ್ಕೆ ನಾಗರಹಾವಿನ ವಿಷದಿಂದ ತೆಗೆದ ಕಾರ್ಡಿಯೊಟಾಕ್ಸಿನ್ ಬಳಸುತ್ತೇನೆ. ಅದು ಎಳೆಗಳ ಪೊರೆ ಒಡೆಯುತ್ತದೆ. ಮತ್ತೆ ಕಟ್ಟುವ ಕೆಲಸ ಎಳೆಗಳ ಅಂಚಿನಲ್ಲಿರುವ ಸ್ಯಾಟಲೈಟ್ ಜೀವಕೋಶಗಳದು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ್ದು ಇವನ್ನೇ. ಆದರೆ ಇವಷ್ಟೇ ಸಾಲದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನೆನಾಡ್ ಬುರ್ಸಾಕ್ ತಂಡ 2018ರಲ್ಲಿ ಇದನ್ನು ತೋರಿಸಿತು. ವಯಸ್ಕ ಇಲಿಯ ಜೀವಕೋಶದಿಂದ ಕಟ್ಟಿದ ಸ್ನಾಯು ವಿಷದ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಮ್ಯಾಕ್ರೊಫೇಜ್ ಎಂಬ ರಕ್ಷಣಾ ಜೀವಕೋಶ ಸೇರಿಸಿದಾಗ ಚೇತರಿಸಿಕೊಂಡಿತು. ಇದನ್ನು ಓದಿದ ಮೇಲೆ ನಾನೂ ದಾರಿ ಬದಲಿಸಿದೆ. ಗಾಯ ಮಾಯಿಸುವ ಔಷಧಿ ಪರೀಕ್ಷಿಸುವಾಗ ಮ್ಯಾಕ್ರೊಫೇಜ್ ಇಲ್ಲದ ಮಾದರಿಯನ್ನಷ್ಟೇ ನಂಬಿದರೆ, ಒಳ್ಳೆ ಔಷಧಿಯೂ ಕೈತಪ್ಪಬಹುದು ಅಲ್ವಾ?

ನಮ್ಮ ಪಟ್ಟಿಗೆ ನರವಿಲ್ಲ, ರಕ್ತನಾಳವಿಲ್ಲ. ದಪ್ಪ ಮಾಡಿದರೆ ಒಳಗಿನ ಜೀವಕೋಶಗಳು ಆಮ್ಲಜನಕ ಸಿಗದೆ ಸಾಯುತ್ತವೆ. ಇಲ್ಲಿ ಗೆದ್ದದ್ದು ಕಾಲು ಜಜ್ಜಿಹೋದವರಿಗೆ ತಲುಪುವ ಮೊದಲು ಇನ್ನೂ ಎಷ್ಟೋ ಪರೀಕ್ಷೆ ದಾಟಬೇಕು. ಸದ್ಯ ಮ್ಯಾಕ್ರೊಫೇಜ್ ಇರುವ ಪಟ್ಟಿ, ಇಲ್ಲದ ಪಟ್ಟಿ ಎರಡಕ್ಕೂ ಒಂದೇ ಔಷಧಿ ಹಾಕಿ ಬಲ ಅಳೆಯುತ್ತಿದ್ದೇನೆ.