ರೇಡಿಯೊ ನೇರ ಲ್ಯಾಪ್‌ಟಾಪಿಗೆ ಹಚ್ಚಿದಾಗ ಐಪಿ ಹೆಂಗ ಹಾಕಬೇಕು

ನಮ್ಮ ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ದಾಲ್ ಮಿಲ್ ಇಟ್ಟವ್ರು ಆಫೀಸಿನ ನೆಟ್ ಹಿಂದಿನ ಗೋದಾಮಿಗೂ ಬೇಕಂತಾರ, ಅಲ್ಲಿತನಕ ವೈರ್ ಎಳಿಲಾಕ ಆಗಲ್ಲ, ಆವಾಗ ಎರಡೂ ಮಾಳಿಗಿ ಮ್ಯಾಲೆ ಒಂದೊಂದು ಯುಬಿಕ್ವಿಟಿ ಏರ್‌ಮ್ಯಾಕ್ಸ್ ರೇಡಿಯೊ (ವೈರ್ ಇಲ್ದ ಆ ಮಾಳಿಗಿಯಿಂದ ಈ ಮಾಳಿಗಿಗೆ ನೆಟ್ ಕಳಸೋ ಸಾಧನ) ಕೂಡಸ್ತೀವಿ. ಕಂಬಕ್ಕ ಕಟ್ಟೂದು ಎಲ್ಲಾರಿಗೂ ಬರ್ತದ, ಆದ್ರ ಲ್ಯಾಪ್‌ಟಾಪ್ ಹಚ್ಚಿ ರೇಡಿಯೊದ ಸೆಟಿಂಗ್ ಒಳಗ ಹೋಗೂದು ಅಂದ್ರ ಹೊಸ ಹುಡುಗ್ರು ಗಾಬರಿ ಆಗ್ತಾರ.

ಐಪಿ ಅಂದ್ರ ನೆಟ್‌ವರ್ಕಿನ್ಯಾಗ ಒಂದೊಂದು ಮಷೀನಿನ ವಿಳಾಸದ ನಂಬರ್. ಮನ್ಯಾಗ ರೌಟರೇ ಲ್ಯಾಪ್‌ಟಾಪಿಗೆ ಐಪಿ ಕೊಡ್ತದ. ಈ ರೇಡಿಯೊ ಹೊಸಾದಿದ್ದಾಗ ಯಾರಿಗೂ ಐಪಿ ಹಂಚಲ್ಲ, ತಾನು ಮಾತ್ರ 192.168.1.20 ಅಂತ ಕುಂತಿರ್ತದ. ವಿಂಡೋಸ್ ಸ್ವಲ್ಪ ಹೊತ್ತು ಕಾದು ತಾನೇ 169.254 ಇಂದ ಶುರು ಆಗೋ ನಂಬರ್ ಹಾಕ್ಕೋತದ, ಆಮ್ಯಾಲ ಒಂದಕ್ಕೊಂದು ಸಿಗಲ್ಲ. ಅದನ್ನ ನೋಡಿ ರೇಡಿಯೊ ಕೆಟ್ಟದ ಅಂತ ಅಂಗಡಿಗೆ ವಾಪಸ್ ಒಯ್ಯಬ್ಯಾಡ್ರಿ.

ಪಿಒಇ ಅಡಾಪ್ಟರಿನ್ಯಾಗ (ನೆಟ್ ಕೇಬಲಿನ್ಯಾಗೇ ರೇಡಿಯೊಗೆ ಕರೆಂಟ್ ಕೊಡೋ ಅಡಾಪ್ಟರ್) ಎರಡು ಪೋರ್ಟ್ ಇರ್ತಾವ. ಪಿಒಇ ಅಂತ ಬರದದ್ದು ರೇಡಿಯೊಗೆ, ಲ್ಯಾನ್ ಅಂತ ಬರದದ್ದು ಲ್ಯಾಪ್‌ಟಾಪಿಗೆ. ಉಲ್ಟಾ ಹಚ್ಚಬ್ಯಾಡ್ರಿ, ಪಿಒಇ ಕಡಿ ಕರೆಂಟ್ ಇರ್ತದ, ಲ್ಯಾಪ್‌ಟಾಪಿನ ಪೋರ್ಟ್ ಹೋಗಬಹುದು. ಕ್ರಾಸ್ ಕೇಬಲ್ ಬೇಕಿಲ್ಲ, ಸಾದಾ ಕೇಬಲ್ ನಡೀತದ.

ಈಗ ವಿಂಡೋಸ್ ಕೀ ಜೊತಿ ಆರ್ ಒತ್ರಿ, ncpa.cpl ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. ಈಥರ್ನೆಟ್ ಮ್ಯಾಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಾಗ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಅನ್ನೂದರ ಮ್ಯಾಲೆ ಡಬಲ್ ಕ್ಲಿಕ್, ಕೆಳಗಿನ ಐಪಿ ಬಳಸು ಅನ್ನೋ ಆಪ್ಷನ್ ತಗೊಂಡು 192.168.1.10 ಹಾಕ್ರಿ, ಸಬ್‌ನೆಟ್ ಮಾಸ್ಕ್ 255.255.255.0. ಮೊದಲಿನ ಮೂರು ನಂಬರ್ ರೇಡಿಯೊದ್ದೇ ಇರಬೇಕು, ಕಡೀದು ಮಾತ್ರ ಬ್ಯಾರೆ. ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡ್ರಿ, ನಡಬರ್ಕ ಯಾವ ರೌಟರೂ ಇಲ್ಲ. ಓಕೆ ಒತ್ತಿದ ಮ್ಯಾಲೆ ಹಿಂದಿನ ಕಿಟಕಿನೂ ಕ್ಲೋಸ್ ಮಾಡ್ರಿ, ಇಲ್ಲಾಂದ್ರ ಸೇವ್ ಆಗಲ್ಲ.

ಇನ್ನ ಭಾಳ ಮಂದಿ ಸಿಕ್ಕಿಬೀಳೂದು ವೈಫೈದಾಗ. ಒಂದು ಬ್ಯಾಸಗ್ಯಾಗ ಮಿಲ್ಲಿನ ಮಾಳಿಗಿ ಮ್ಯಾಲೆ ಎಲ್ಲಾ ಬರೋಬ್ಬರಿ ಹಾಕಿನೂ ಅರ್ಧಾ ತಾಸು ರೇಡಿಯೊ ಸಿಗಲಿಲ್ಲ ನನಗ, ಕೇಬಲ್ ಬದಲಿ ಮಾಡಿದೆ, ಅಡಾಪ್ಟರ್ ಬದಲಿ ಮಾಡಿದೆ, ಕಡಿಗಿ ನೋಡಿದ್ರ ಲ್ಯಾಪ್‌ಟಾಪ್ ಕೆಳಗಿನ ಆಫೀಸ್ ವೈಫೈಗೆ ಹತ್ತಿತ್ತು, ಅದೂ 192.168.1 ಸೀರೀಸೇ, ಲ್ಯಾಪ್‌ಟಾಪ್ ರೇಡಿಯೊನ ವೈಫೈ ಕಡಿ ಹುಡುಕ್ತಿತ್ತು. ಅದಕ್ಕ ವೈಫೈ ಮೊದ್ಲ ಬಂದ್ ಮಾಡ್ರಿ, ಆಮ್ಯಾಲ ಕೇಬಲ್.

ಕಮಾಂಡ್ ಪ್ರಾಂಪ್ಟಿನ್ಯಾಗ ping 192.168.1.20 ಅಂತ ಹೊಡೀರಿ, ರೇಡಿಯೊ ಉತ್ತರ ಕೊಡ್ತದೋ ಇಲ್ಲೋ ಗೊತ್ತಾಗ್ತದ. ರಿಪ್ಲೈ ಬಂತಂದ್ರ ಸಾಲದು, ಯಾರಿಂದ ಬಂತು ನೋಡ್ರಿ: 192.168.1.10 ಇಂದ ಬಂದು ಅನ್‌ರೀಚಬಲ್ ಅಂದ್ರ ಅದು ನಿಮ್ಮ ಲ್ಯಾಪ್‌ಟಾಪೇ ಹೇಳೂದು, ರೇಡಿಯೊ ಅಲ್ಲ. ಖರೇ ರಿಪ್ಲೈ ಬಂದ್ರ ಬ್ರೌಸರಿನ್ಯಾಗ ಅದೇ ನಂಬರ್ ಹೊಡೀರಿ. ಸೇಫ್ ಇಲ್ಲ ಅಂತ ಎಚ್ಚರಿಕಿ ಬರ್ತದ, ನಿಮ್ಮ ಕೈಯಾಗಿನ ರೇಡಿಯೊನೇ ಅದು, ಅಡ್ವಾನ್ಸ್ಡ್ ಒತ್ತಿ ಮುಂದ ಹೋಗ್ರಿ.

ಎರಡೂ ರೇಡಿಯೊ ಡಬ್ಬಿಯಿಂದ 192.168.1.20 ಅಂತನೇ ಬರ್ತಾವ, ಒಂದೊಂದೇ ಹಚ್ಚಿ ಎರಡನೇದಕ್ಕ 192.168.1.21 ಕೊಡ್ರಿ, ಡಬ್ಬಿ ಮ್ಯಾಲೆ ಪೆನ್ನಿನಿಂದ ಬರೀರಿ. ಹಳೇ ರೇಡಿಯೊ ಐಪಿ ಗೊತ್ತಿಲ್ಲಾಂದ್ರ ಕರೆಂಟ್ ಇದ್ದಾಗಲೇ ರಿಸೆಟ್ ಬಟನ್ 10 ಸೆಕೆಂಡ್‌ಗಿಂತ ಹೆಚ್ಚು ಒತ್ತಿಹಿಡೀರಿ, 192.168.1.20 ಕ್ಕ ವಾಪಸ್ ಬರ್ತದ. ಕೆಲಸ ಮುಗದ ಮ್ಯಾಲೆ ಲ್ಯಾಪ್‌ಟಾಪಿನ ಐಪಿ ಮತ್ತ ಆಟೋಮ್ಯಾಟಿಕ್ ಮಾಡ್ರಿ, ಇಲ್ಲಾಂದ್ರ ಮನಿಗಿ ಹೋಗಿ ಕೇಬಲ್ ಹಚ್ಚಿದಾಗ ನೆಟ್ ಬರಲ್ಲ.