ವಿ.ಸಿ. ನಾಲೆಯಿಂದ ಪ್ಯಾರಿಸ್ ಗೇ ಗೇಮ್ಸ್‌ವರೆಗೆ: ನಾನು ಹೋಗಿದ್ದು ಹೀಗೆ

ಗೇ ಗೇಮ್ಸ್ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ನಡೆಯೋ, ಗೇ, ಲೆಸ್ಬಿಯನ್, ಟ್ರಾನ್ಸ್ ಜನರು ಶುರು ಮಾಡಿದ ಅಂತರರಾಷ್ಟ್ರೀಯ ಕ್ರೀಡಾಕೂಟ. ಅದಕ್ಕೆ ಹೋಗೋಕೆ ಯಾರೂ ನಿಮ್ಮನ್ನು ಆರಿಸಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಡೆಯ ಹುಡುಗರು ಮೊದಲು ಕೇಳೋದೇ "ಸ್ಟೇಟ್ ಲೆವೆಲ್ ಆಡಿರಬೇಕಾ?" ಅಂತ. ಬೇಡ. ತಾಲ್ಲೂಕು ಮಟ್ಟವೂ ಬೇಡ. ಶುಲ್ಕ ಕಟ್ಟಿ ಹೆಸರು ಕೊಟ್ಟರೆ ಆಯ್ತು. ಗೇ, ಲೆಸ್ಬಿಯನ್, ಟ್ರಾನ್ಸ್, ಇದ್ಯಾವುದೂ ಅಲ್ಲದವರು, ಎಲ್ಲರೂ ಬರಬಹುದು. ಇದನ್ನು ಶುರು ಮಾಡಿದ ಟಾಮ್ ವಾಡೆಲ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ (ಓಟ, ಜಿಗಿತ, ಎಸೆತ ಸೇರಿ ಹತ್ತು ಸ್ಪರ್ಧೆ) ಆರನೆಯವರಾಗಿದ್ದ ಡಾಕ್ಟರ್. ಅಷ್ಟು ದೊಡ್ಡ ಆಟಗಾರ 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಗೇಮ್ಸ್ ನಡೆಸಿದಾಗ ಅರ್ಹತೆಯ ಗೆರೆಯನ್ನೇ ಎಳೆಯಲಿಲ್ಲ. ಅದಕ್ಕೇ ನನ್ನಂಥವನಿಗೂ ಅಲ್ಲಿ ಜಾಗ ಸಿಕ್ಕಿತು.

ನಾನು ಮಂಡ್ಯದ ಹತ್ತಿರದ ಹಳ್ಳಿಯವನು. ಬೆನ್ನಿಗೆ ಬೆಂಡು ಕಟ್ಟಿಕೊಂಡು ವಿ.ಸಿ. ನಾಲೆಯಲ್ಲಿ ಈಜು ಕಲಿತವನು. 2018ರ ಪ್ಯಾರಿಸ್ ಗೇಮ್ಸ್‌ಗೆ ಹೆಸರು ಕೊಟ್ಟಾಗ ಮೈಸೂರಲ್ಲಿ ಕೆಲಸ. ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ಬೆಳಿಗ್ಗೆ ಬೆಳಿಗ್ಗೆ ಹೋಗತೊಡಗಿದೆ. ನಾಲೆಯಲ್ಲಿ ನಾವು ತಲೆ ಎತ್ತಿಕೊಂಡೇ ಈಜೋದು, ಎದುರಿಗೆ ಏನು ತೇಲಿ ಬರುತ್ತೋ ನೋಡಬೇಕಲ್ಲ. ಹರಿಯುವ ನೀರು ಹೇಗೋ ನೂಕಿಕೊಂಡು ಹೋಗುತ್ತೆ. ಕೊಳದಲ್ಲಿ ಆ ಸಹಾಯ ಇಲ್ಲ. ತಲೆ ಮೇಲಿದ್ದರೆ ಸೊಂಟ ಮುಳುಗುತ್ತೆ, ಸೊಂಟ ಮುಳುಗಿದರೆ ಕಾಲು ಒದ್ದಿದ್ದೆಲ್ಲ ದಂಡ. ಅಲ್ಲಿಗೆ ಬರುತ್ತಿದ್ದ ಹಿರಿಯ ಕೋಚ್ ಒಬ್ಬರು ನನ್ನ ಬ್ರೆಸ್ಟ್‌ಸ್ಟ್ರೋಕ್ ನೋಡಿ, "ಮುಖ ನೀರಿಗಿಡಪ್ಪ, ಕೈ ಚಾಚಿದ ಮೇಲೆ ಸ್ವಲ್ಪ ಸುಮ್ನಿರು, ಒದ್ದ ಜೋರು ನಿನ್ನ ಕರ್ಕೊಂಡ್ ಹೋಗ್ಲಿ" ಅಂದರು. ಆ ಸುಮ್ನಿರೋದನ್ನ ಕಲಿಯೋಕೇ ಜಾಸ್ತಿ ಸಮಯ ಹಿಡಿಯಿತು.

ಈಜಿಗಿಂತ ಕಷ್ಟ ಆಗಿದ್ದು ಕಾಗದಪತ್ರ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಐಪಿಸಿ 377ನೇ ಕಲಂ ಆಗಿನ್ನೂ ಜಾರಿಯಲ್ಲಿತ್ತು. ವೀಸಾಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯ ಎನ್‌ಒಸಿ (ಹೋಗೋಕೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ), 30,000 ಯೂರೋ ವಿಮೆ, ಇವೆಲ್ಲದರ ಜೊತೆ ಗೇಮ್ಸ್‌ನವರು ಕಳಿಸಿದ ಆಹ್ವಾನ ಪತ್ರ. ಅದರ ತಲೆಯ ಮೇಲೇ ದಪ್ಪಕ್ಷರದಲ್ಲಿ 'ಗೇ ಗೇಮ್ಸ್' ಅನ್ನೋ ಹೆಸರು. ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗೋಕೆ ಧೈರ್ಯ ಬರದೆ ಊರಿನ ಇನ್ನೊಂದು ಕಡೆ ಹೋದೆ. ಪೆನ್‌ಡ್ರೈವ್ ಕೊಟ್ಟೆ. ಅಂಗಡಿಯವನು ಪರದೆ ನೋಡಿದ, "ಕಲರಾ ಸಾರ್, ಬ್ಲ್ಯಾಕ್ ಅಂಡ್ ವೈಟಾ?" ಅಂದ. ಅಷ್ಟೇ. ಆಫೀಸಿನ ರಜಾ ಅರ್ಜಿಯಲ್ಲಿ 'ಅಂತರರಾಷ್ಟ್ರೀಯ ಈಜು ಸ್ಪರ್ಧೆ' ಅಂತ ಬರೆದೆ, ಅದು ನಿಜವೇ ಅಲ್ವಾ. ಮನೆಯಲ್ಲಿ ಅಕ್ಕನಿಗೆ ಮಾತ್ರ ಪೂರ್ತಿ ಹೇಳಿದ್ದೆ. ಅವ್ವ ಕೇಳಿದ್ದು ಒಂದೇ, "ಈಜಕ್ಕೆ ಅಷ್ಟ್ ದೂರ ಹೋಗ್ಬೇಕೇನ್ಲಾ, ನಮ್ ನಾಲೇಲಿ ನೀರಿಲ್ವಾ?"

ಆಗಸ್ಟ್ 4ರಂದು ಜೀನ್ ಬುವಾಂ ಸ್ಟೇಡಿಯಂನಲ್ಲಿ ಉದ್ಘಾಟನೆ. 90ಕ್ಕೂ ಹೆಚ್ಚು ದೇಶಗಳಿಂದ ಸುಮಾರು 10,000 ಜನ. ನಮ್ಮ ದೇಶದ ಬೋರ್ಡಿನ ಹಿಂದೆ ಇದ್ದವರು ಕೆಲವೇ ಮಂದಿ, ಆದರೂ ಒಳಗೆ ಕಾಲಿಟ್ಟಾಗ ಎದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಈಜಿನಲ್ಲಿ ನಾವು ಕೊಟ್ಟ ಟೈಮ್ ನೋಡಿ ಹೀಟ್ಸ್, ಅಂದ್ರೆ ಒಟ್ಟಿಗೆ ಈಜೋ ಗುಂಪು, ಮಾಡುತ್ತಾರೆ, ಪದಕ ಮಾತ್ರ ವಯಸ್ಸಿನ ಗುಂಪಿನ ಪ್ರಕಾರ. ಹಾಗಾಗಿ ನನ್ನ ಪಕ್ಕದ ಲೇನಿನಲ್ಲಿ ಅಪ್ಪನ ವಯಸ್ಸಿನವರೊಬ್ಬರು. ಉದ್ದ ಸೀಟಿ ಊದಿತು, ಬ್ಲಾಕ್ ಹತ್ತಿದೆವು. ಆಗ ಗ್ಯಾಲರಿಯಿಂದ ಅವರ ಸಂಗಾತಿ, ಅವರಷ್ಟೇ ವಯಸ್ಸಾದ ಗಂಡಸು, ಅವರ ಹೆಸರು ಹಿಡಿದು ಜೋರಾಗಿ ಕೂಗಿದರು. ಯಾರೂ ತಿರುಗಿ ನೋಡಲಿಲ್ಲ. ಕೂದಲು ಹಣ್ಣಾದ ಇಬ್ಬರು ಗಂಡಸರು ಹೀಗೆ ಜೊತೆಗಿರೋದನ್ನ ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಪದಕ ಬರಲಿಲ್ಲ, ಸರಸ್ವತಿಪುರಂನ ಟೈಮಿಗಿಂತ ಬೇಗ ಗೋಡೆ ಮುಟ್ಟಿದೆ.

ಬರೀ ಆಟ ಅಲ್ಲ, ಹಾಡಿನ ತಂಡಗಳೂ ಬರುತ್ತವೆ. ಈಜಿನವರದ್ದೇ 'ಪಿಂಕ್ ಫ್ಲೆಮಿಂಗೊ' ಅಂತ ವೇಷ ಹಾಕಿ ನೀರಲ್ಲಿ ಕುಣಿಯುವ ಸ್ಪರ್ಧೆ ಇದೆ, ತಪ್ಪಿಸಬೇಡಿ.

ವಾಪಸ್ ಬಂದ ಮುಂದಿನ ತಿಂಗಳು, ಸೆಪ್ಟೆಂಬರ್ 6ಕ್ಕೆ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅಕ್ಕ ಆಫೀಸಿಗೇ ಫೋನ್ ಮಾಡಿ ಅತ್ತಳು. ಅವ್ವನಿಗೂ ಆಮೇಲೆ ಹೇಳಿದೆ.

2026ರ ಗೇಮ್ಸ್ ಸ್ಪೇನಿನ ವೆಲೆನ್ಸಿಯಾದ್ದು, ಅದಕ್ಕೂ ನಾನು ಮಾಡಿಸಿದ ಇದೇ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯೋದು. ದುಡ್ಡಿನ ತೊಂದರೆ ಇರೋರಿಗೆ ಗೇ ಗೇಮ್ಸ್ ಫೆಡರೇಶನ್ನಿನ ಸ್ಕಾಲರ್‌ಶಿಪ್ ಇದೆ, ಅರ್ಜಿ ಹಾಕಿ. ಪಾಸ್‌ಪೋರ್ಟ್ ಇಲ್ಲದವರು ಮೊದಲು ಅದನ್ನು ಮಾಡಿಸಿ. ಎನ್‌ಒಸಿ ಹೇಗೆ ಬರೆಸಬೇಕು ಅಂತ ಗೊತ್ತಾಗದಿದ್ದರೆ ನನ್ನನ್ನೇ ಕೇಳಿ.