ಹೋಸೆಲ್ ಬುಡದ ಬಿರುಕು: ಗಾಲ್ಫ್ ಕ್ಲಬ್ ಹೆಡ್‌ನ ಎರಕದ ದೋಷವನ್ನು ನಕ್ಷೆಯಲ್ಲೇ ತಗ್ಗಿಸಿದ ನನ್ನ ಅನುಭವ

ಎರಕದ ದೋಷ ಹುಟ್ಟುವುದು ಕುಲುಮೆಯ ಬಳಿ, ಅದನ್ನು ಸರಿಪಡಿಸಬೇಕಾದವರು ಲೋಹ ಕರಗಿಸಿ ಹೊಯ್ಯುವವರು ಎಂದು ಈ ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ನಾನು ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ನಾನೇ ವಿನ್ಯಾಸ ಮಾಡಿದ ಏಳನೇ ನಂಬರಿನ ಒಂದು ಐರನ್, ಅಂದರೆ ಲೋಹದ ಬ್ಲೇಡಿನಂಥ ಹೆಡ್ ಇರುವ ಗಾಲ್ಫ್ ಕ್ಲಬ್. ಅದರ ಲೈ ಕೋನವನ್ನು (ಶಾಫ್ಟ್ ನೆಲಕ್ಕೆ ವಾಲುವ ಕೋನವನ್ನು) 2 ಡಿಗ್ರಿ ತಿದ್ದಲೆಂದು ಹೆಡ್ಡನ್ನು ಬಾಗಿಸುವ ಯಂತ್ರದಲ್ಲಿ ಬಿಗಿದು, ಹೋಸೆಲ್‌ಗೆ ಸರಳು ತೊಡಿಸಿ ಮೀಟಿದಾಗ ಸಣ್ಣಗೆ ಟಿಕ್ ಎಂಬ ಸದ್ದು ಬಂತು. ಶಾಫ್ಟ್ ಕೂರುವ ಹೋಸೆಲ್ ಕೊಳವೆ ಬ್ಲೇಡಿಗೆ ಕೂಡುವ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿತ್ತು.

ಹೆಡ್ಡನ್ನು ಆ ಜಾಗದಲ್ಲೇ ಸೀಳಿ, ಒರಟು ಕಾಗದದಿಂದ ಆರಂಭಿಸಿ ನಯವಾದ ಕಾಗದದವರೆಗೆ ಹಂತಹಂತವಾಗಿ ಉಜ್ಜಿ, ಕನ್ನಡಿಯಂತೆ ಹೊಳೆಯುವವರೆಗೆ ಪಾಲಿಶ್ ಮಾಡಿ ನೋಡಿದೆ. ಹೊರಮೈಯಿಂದ ಎರಡು ಮಿಲಿಮೀಟರ್ ಒಳಗೆ, ಹೊರಗಿನಿಂದ ಯಾರಿಗೂ ಕಾಣದಂತೆ, ಸ್ಪಂಜಿನಂಥ ಪೊಳ್ಳು ಇತ್ತು. ಅದರ ಅಂಚುಗಳು ಒರಟಾಗಿ, ಬೇರಿನಂತೆ ಕವಲೊಡೆದಿದ್ದವು. ಅನಿಲದಿಂದಾದ ರಂಧ್ರವಾಗಿದ್ದರೆ ದುಂಡಗೆ, ಒಳಗೋಡೆ ನುಣುಪಾಗಿರುತ್ತಿತ್ತು. ಇದು ಕುಗ್ಗುವಿಕೆಯ ಪೊಳ್ಳು, ಅಂದರೆ ಕೊನೆಯಲ್ಲಿ ಗಟ್ಟಿಯಾದ ಜಾಗಕ್ಕೆ ದ್ರವಲೋಹ ಸಾಲದೆ ಉಳಿದುಹೋದ ಖಾಲಿ. ಎರಡು ದೋಷಗಳಿಗೂ ಮದ್ದು ಬೇರೆ ಬೇರೆಯಾದ್ದರಿಂದ, ಸೀಳಿ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು ಎಂಬುದನ್ನು ನಾನು ಅಂದಿನಿಂದ ಬಿಟ್ಟಿಲ್ಲ.

ನಮ್ಮ ಹೆಡ್‌ಗಳು 17-4 ಸ್ಟೇನ್‌ಲೆಸ್ ಉಕ್ಕಿನವು, ಸುಮಾರು ಶೇ. 17 ಕ್ರೋಮಿಯಂ, ಶೇ. 4 ನಿಕ್ಕಲ್, ಜೊತೆಗೆ ತಾಮ್ರ ಬೆರೆತ ಮಿಶ್ರಲೋಹ. ತಯಾರಿಕೆ ಮೇಣದ ಎರಕದ ವಿಧಾನದ್ದು: ಡೈಯಲ್ಲಿ ಮೇಣದ ಮಾದರಿ ಒತ್ತಿ, ಹಲವು ಮಾದರಿಗಳನ್ನು ಒಂದು ಮೇಣದ ಕಂಬಕ್ಕೆ ಮರದ ಕೊಂಬೆಗಳಂತೆ ಅಂಟಿಸಿ, ಪಿಂಗಾಣಿ ಸ್ಲರಿಯಲ್ಲಿ (ಪುಡಿ ಕಲಸಿದ ರಾಡಿಯಲ್ಲಿ) ಅದ್ದಿ ಮರಳು ಉದುರಿಸಿ, ಒಣಗಿಸಿ, ಮತ್ತೆ ಅದ್ದಿ ಪದರದ ಮೇಲೆ ಪದರ ಕಟ್ಟುತ್ತೇವೆ. ಆಮೇಲೆ ಹಬೆಯ ಒತ್ತಡದಲ್ಲಿ ಮೇಣ ಇಳಿಸಿ, ಉಳಿದ ಪಿಂಗಾಣಿ ಶೆಲ್ಲನ್ನು ಸುಟ್ಟು, ಬಿಸಿಯಾಗಿರುವಾಗಲೇ ಅದರೊಳಗೆ ಸುಮಾರು 1600 ಡಿಗ್ರಿಯ ಉಕ್ಕನ್ನು ಹೊಯ್ಯುತ್ತೇವೆ.

ಏಳನೇ ಐರನ್‌ನ ತೂಕ ಸುಮಾರು 268 ಗ್ರಾಂ, ಗಾತ್ರ 34 ಘನ ಸೆಂಟಿಮೀಟರಿನಷ್ಟು. ಉಕ್ಕು ದ್ರವದಿಂದ ಘನವಾಗುವಾಗ ಗಾತ್ರದಲ್ಲಿ ಶೇ. 3ರಷ್ಟು ಕುಗ್ಗುತ್ತದೆ ಎಂದು ಹಿಡಿದರೂ, ಪ್ರತಿ ಹೆಡ್ಡಿಗೆ ಸರಿಸುಮಾರು ಒಂದು ಘನ ಸೆಂಟಿಮೀಟರಿನಷ್ಟು ದ್ರವಲೋಹವನ್ನು ಗೇಟಿನ (ಲೋಹ ಹೆಡ್ಡಿನೊಳಗೆ ಹರಿದುಬರುವ ಬಾಯಿಯ) ಮೂಲಕ ಹೆಚ್ಚುವರಿಯಾಗಿ ಊಡಬೇಕು. ಇಷ್ಟೇ ಇಷ್ಟಾದ ಈ ಲೋಹ ಸರಿಯಾದ ಹೊತ್ತಿಗೆ ಸರಿಯಾದ ಜಾಗವನ್ನು ತಲುಪುವುದೇ ಇಡೀ ವಿನ್ಯಾಸದ ಪ್ರಶ್ನೆ. ಎರಕದ ಒಂದು ಭಾಗ ಗಟ್ಟಿಯಾಗಲು ಬೇಕಾದ ಸಮಯವು ಅದರ ಗಾತ್ರವನ್ನು ಹೊರಮೈ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ನಿಕೋಲಸ್ ಖ್ವೊರಿನೊವ್ 1940ರಲ್ಲಿ ಪ್ರಕಟಿಸಿದರು. ತಟ್ಟೆಯಂಥ ಭಾಗದ ದಪ್ಪ ಎರಡರಷ್ಟಾದರೆ ಅದು ಗಟ್ಟಿಯಾಗುವ ಸಮಯ ನಾಲ್ಕರಷ್ಟಾಗುತ್ತದೆ ಎಂಬುದೊಂದನ್ನು ನೆನಪಿಟ್ಟುಕೊಂಡರೂ ನಕ್ಷೆಯ ಮುಂದೆ ಸಾಕಷ್ಟು ಕೆಲಸ ಸಾಗುತ್ತದೆ.

ನಾನು ಮಾಡಿದ್ದು ಹಳೆಯ ಕೈಲೆಕ್ಕವನ್ನೇ. ಹೆಡ್‌ನ ನಕ್ಷೆಯನ್ನು ಟೋ ತುದಿಯಿಂದ (ಶಾಫ್ಟಿಗೆ ದೂರದ ತುದಿಯಿಂದ) ಹೀಲ್‌ವರೆಗೆ (ಹೋಸೆಲ್ ಇರುವ ಬದಿಯವರೆಗೆ) ಐದೈದು ಮಿಲಿಮೀಟರಿಗೆ ಒಂದರಂತೆ ಅಡ್ಡ ಸೀಳಿ, ಪ್ರತಿ ಸೀಳಿನೊಳಗೂ ಹಿಡಿಯಬಲ್ಲ ಅತಿ ದೊಡ್ಡ ವೃತ್ತವನ್ನು ಬರೆದೆ. ಚೆಂಡು ತಾಕುವ ಫೇಸ್‌ನಲ್ಲಿ 2.8 ಮಿಲಿಮೀಟರ್, ತಳದ ಸೋಲ್ ಪಟ್ಟಿಯಲ್ಲಿ 9, ನಡುವೆ ಒಂದು ಕಡೆ 6, ಹೋಸೆಲ್ ಬುಡದಲ್ಲಿ 14. ಗೇಟ್ ಇದ್ದದ್ದು ಟೋ ತುದಿಯಲ್ಲಿ. ಲೋಹ ಊಡಬೇಕಾದ ಬಾಯಿ ಒಂದು ತುದಿಯಲ್ಲಿ, ಅತ್ಯಂತ ನಿಧಾನವಾಗಿ ಗಟ್ಟಿಯಾಗುವ ಗಡ್ಡೆ ಇನ್ನೊಂದು ತುದಿಯಲ್ಲಿ, ಇವೆರಡರ ನಡುವಿನ ದಾರಿಯಲ್ಲಿ 6 ಮಿಲಿಮೀಟರಿನ ಇಕ್ಕಟ್ಟು. ಆ ಇಕ್ಕಟ್ಟು ಮೊದಲು ಮುಚ್ಚಿಕೊಂಡ ಮೇಲೆ ಹೀಲ್‌ನಲ್ಲಿ ಉಳಿದ ದ್ರವಕ್ಕೆ ಯಾರ ನೆರವೂ ಇರಲಿಲ್ಲ. ಬಿರುಕು ಬಿಟ್ಟದ್ದು ಬಾಗಿಸುವ ಯಂತ್ರದಲ್ಲಾದರೂ ಅದಕ್ಕೆ ಜಾಗ ಮಾಡಿಕೊಟ್ಟದ್ದು ನನ್ನ ಪೆನ್ಸಿಲ್.

ಇಷ್ಟು ತಿಳಿದ ಮೇಲೂ ಮೊದಲು ನಾವು ಕೈಹಾಕಿದ್ದು ಸುಲಭದ ಉಪಾಯಗಳಿಗೇ. ಗೇಟನ್ನು ದಪ್ಪ ಮಾಡಿದೆವು. ಇಕ್ಕಟ್ಟು ಹಾಗೇ ಇದ್ದುದರಿಂದ ಏನೂ ಬದಲಾಗಲಿಲ್ಲ. ಲೋಹವನ್ನು ಇನ್ನಷ್ಟು ಬಿಸಿ ಮಾಡಿ ಹೊಯ್ದೆವು; ಕುಗ್ಗುವಿಕೆ ಹೆಚ್ಚಿ, ಪೊಳ್ಳು ಹಿಗ್ಗಿತಲ್ಲದೆ ಫೇಸ್ ಮೇಲೆ ಸಣ್ಣ ಗುಳಿಗಳೂ ಎದ್ದವು. ಆಗ ಆಕಾರವನ್ನೇ ಬದಲಿಸಲು ಕುಳಿತೆ.

ಐರನ್‌ನಲ್ಲಿ ತೂಕವನ್ನು ಅಂಚಿಗೆ ಹಂಚಿದರೆ ಚೆಂಡು ನಡುವೆ ತಾಕದಿದ್ದಾಗಲೂ ಹೆಡ್ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಪಿಂಗ್ ಕಂಪನಿಯನ್ನು ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಈ ತತ್ವವನ್ನು ಐರನ್‌ಗಳಿಗೆ ತಂದವರಲ್ಲಿ ಪ್ರಮುಖರು, ಮತ್ತು ಹಿಂದೆ ಗುಂಡಿಯಿರುವ ಅಂಥ ಆಕಾರಗಳನ್ನು ಹೇರಳವಾಗಿ ತಯಾರಿಸಲು ಅನುವು ಮಾಡಿಕೊಟ್ಟದ್ದು ಮೇಣದ ಎರಕವೇ. ಆಟಗಾರನಿಗಾಗಿ ಇಟ್ಟ ಆ ದಪ್ಪ ಅಂಚನ್ನು ನಾನು ಅದುವರೆಗೆ ತೂಕವೆಂದಷ್ಟೇ ನೋಡಿದ್ದೆ. ವೃತ್ತಗಳನ್ನು ಬರೆದ ಮೇಲೆ ಅದೇ ಅಂಚು ನನಗೆ ಕಾಲುವೆಯಾಗಿ ಕಂಡಿತು. ಗೇಟಿನಿಂದ ದೂರ ಸರಿದಂತೆ ವೃತ್ತ ಚಿಕ್ಕದಾಗುತ್ತಾ ಹೋಗಿ, ದಾರಿಯಲ್ಲಿ ಎಲ್ಲಿಯೂ ಕಿರಿದಾಗಿ ಮತ್ತೆ ಹಿಗ್ಗದಿದ್ದರೆ, ತೆಳು ಫೇಸ್‌ಗೂ ದೂರದ ಟಾಪ್‌ಲೈನಿಗೂ (ಮೇಲಂಚಿಗೂ) ಅಂಚೇ ಲೋಹ ಊಡುತ್ತದೆ.

ಹಾಗಾಗಿ ಗೇಟನ್ನು ಟೋ ತುದಿಯಿಂದ ತೆಗೆದು, ಸೋಲ್‌ನ ಮೇಲೆ ಹೀಲ್‌ಗೆ ಸಮೀಪವಾಗಿ ಇಟ್ಟೆ. ಸೋಲನ್ನು ಹೇಗಿದ್ದರೂ ಉಜ್ಜಿ ಆಕಾರಕ್ಕೆ ತರುತ್ತೇವಾದ್ದರಿಂದ ಗೇಟ್ ಕತ್ತರಿಸಿದ ಗುರುತು ಅಲ್ಲಿ ಉಳಿಯುವುದಿಲ್ಲ. ನಡುವಿನ 6 ಮಿಲಿಮೀಟರಿನ ಇಕ್ಕಟ್ಟನ್ನು ಅಗಲಿಸಿ ಸೋಲ್ ಪಟ್ಟಿಯನ್ನು ಟೋ ಕಡೆಗೆ ನಿಧಾನವಾಗಿ ಇಳಿಯುವಂತೆ ಮಾಡಿದೆ. ಹೋಸೆಲ್ ಬುಡದ ಹಿಂಬದಿಯಿಂದ ಬೆರಳ ತುದಿ ಕೂರುವಷ್ಟು ಲೋಹವನ್ನು ತೋಡಿ ತೆಗೆದೆ. ಅಲ್ಲಿನ ವೃತ್ತ 14ರಿಂದ 10ಕ್ಕೆ ಇಳಿಯಿತು. ಆ ತೋಡಿನಿಂದ 9 ಗ್ರಾಂ ಕಡಿಮೆಯಾಯಿತು. ಐರನ್‌ಗಳ ಸೆಟ್ಟಿನಲ್ಲಿ ಒಂದು ನಂಬರಿನಿಂದ ಮುಂದಿನದಕ್ಕೆ ಸಾಮಾನ್ಯವಾಗಿ ಇರುವ ಅಂತರವೇ 7 ಗ್ರಾಂ ಆದ್ದರಿಂದ ಇದನ್ನು ಕಡೆಗಣಿಸುವಂತಿರಲಿಲ್ಲ. ಅಗಲಿಸಿದ ಸೋಲ್ ಪಟ್ಟಿಯೇ ಅದರಲ್ಲಿ ಹೆಚ್ಚಿನ ಪಾಲನ್ನು ಹಿಂತಿರುಗಿಸಿತು, ಉಳಿದುದನ್ನು ಟೋ ಬದಿಯ ಕೆಳಗೆ ಸೇರಿಸಿದೆ. ಗುರುತ್ವ ಕೇಂದ್ರ ಹೀಲ್‌ನಿಂದ ಫೇಸ್‌ನ ನಡುವಿನ ಕಡೆಗೆ ಸ್ವಲ್ಪ ಸರಿದದ್ದು ಆಟದ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು.

ಹೋಸೆಲ್ ರಂಧ್ರದ ವಿಷಯದಲ್ಲಿ ನನ್ನ ಊಹೆ ತಪ್ಪಿತ್ತು. ಸಿದ್ಧ ಹೆಡ್‌ನಲ್ಲಿ ಆ ರಂಧ್ರದ ವ್ಯಾಸ 9.4 ಮಿಲಿಮೀಟರ್, ಅದನ್ನು ಎರಕದಲ್ಲೇ ಪೂರ್ತಿ ಆಳಕ್ಕೆ ಬಿಟ್ಟರೆ ಬುಡದ ಗಡ್ಡೆ ಟೊಳ್ಳಾಗಿ ಬೇಗ ತಣಿಯುತ್ತದೆ ಎಂದುಕೊಂಡಿದ್ದೆ. ಆದರೆ ಸುತ್ತಲೂ ಕಾದ ಲೋಹದಿಂದ ಆವರಿಸಿದ ತೆಳ್ಳನೆಯ ಪಿಂಗಾಣಿ ಕಡ್ಡಿ ಕ್ಷಣಗಳಲ್ಲಿ ತಾನೂ ಕಾದುಹೋಗುತ್ತದೆ, ಆಮೇಲೆ ಅದು ಶಾಖವನ್ನು ಹೀರುವುದಿಲ್ಲ. ಅಲ್ಲದೆ ಕಿರಿದಾದ ಆಳದ ರಂಧ್ರದಲ್ಲಿ ಸ್ಲರಿ ಬೇಗ ಒಣಗದು; ಹೊರಗಿನ ಪದರ ಒಣಗಿ ಗಟ್ಟಿಯಾದಾಗಲೂ ಒಳಗಿನದು ಹಸಿಯಾಗಿದ್ದು, ಮೇಣ ಇಳಿಸುವಾಗ ಬಿರಿದು ಅದರ ಚೂರುಗಳು ಲೋಹದಲ್ಲಿ ಸೇರಿಕೊಳ್ಳುತ್ತಿದ್ದವು. ಕೊನೆಗೆ ರಂಧ್ರವನ್ನು ಬಾಯಿ ಅಗಲವಾಗಿ ಅರ್ಧ ಆಳಕ್ಕೆ ಮಾತ್ರ ಎರಕದಲ್ಲಿ ಬಿಟ್ಟು, ಉಳಿದುದನ್ನು ಡ್ರಿಲ್ ಮಾಡುವುದಕ್ಕೆ ಬಂದು ನಿಂತೆವು. ಹಿಂದಿನ ಗುಂಡಿಯಲ್ಲಿ ಸೋಲ್‌ನ ಅಡಿಗೆ ನುಗ್ಗಿದ ಚೂಪು ಸಂದಿಗೂ ಇದೇ ಮಾತು ಅನ್ವಯಿಸುತ್ತದೆ: ಲೋಹದೊಳಗೆ ಚಾಚಿಕೊಂಡ ಪಿಂಗಾಣಿಯ ಮೂಲೆ ತಣಿಯದು, ಒಣಗದು, ಮುರಿಯುವುದು ಮಾತ್ರ ಬೇಗ. ಅಂಥ ಸಂದಿಗಳನ್ನು ಬಾಯಿಯ ಅಗಲಕ್ಕಿಂತ ಆಳವಾಗದಂತೆ ನೋಡಿಕೊಂಡು, ಒಳಮೂಲೆಗಳಿಗೆಲ್ಲ ದುಂಡು ಕೊಟ್ಟೆ. ಕೊರೆದ ಅಂಕಿ ಅಕ್ಷರಗಳ ಅಂಚನ್ನೂ ಮೊಂಡು ಮಾಡಿದೆ, ಏಕೆಂದರೆ ಹೊಯ್ಯುವಾಗ ಮೊದಲು ಕಿತ್ತುಬರುವುದು ಆ ಸಣ್ಣ ಚೂಪು ಅಂಚುಗಳೇ.

ಆದರೆ ದುಂಡು ಹೆಚ್ಚಿದರೂ ಕೇಡೇ. ಫೇಸ್‌ನ ಹಿಂದೆ ಬಲಕ್ಕೆಂದು ಇಟ್ಟಿದ್ದ ಏಣುಗಳು ಫೇಸ್‌ನಷ್ಟೇ ದಪ್ಪವಾಗಿದ್ದು, ಕೂಡುವಲ್ಲಿ ದೊಡ್ಡ ದುಂಡೂ ಇದ್ದುದರಿಂದ ಪ್ರತಿ ಕೂಡಿಕೆಯೂ ಒಂದು ಸಣ್ಣ ಬಿಸಿಗಡ್ಡೆಯಾಗಿ, ಫೇಸ್ ಪಾಲಿಶ್ ಮಾಡಿದ ಮೇಲೆ ಅಲ್ಲಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳು ತೆರೆದುಕೊಳ್ಳುತ್ತಿದ್ದವು. ಏಣಿನ ದಪ್ಪವನ್ನು ಫೇಸ್‌ನ ದಪ್ಪದ ಅರ್ಧದಷ್ಟಕ್ಕೆ ಇಳಿಸಿ, ದುಂಡನ್ನು ಒಂದು ಮಿಲಿಮೀಟರಿಗೆ ನಿಲ್ಲಿಸಿದಾಗ ಅವು ಹೋದವು. ಲೋಹ ಒಳಗೆ ನುಗ್ಗುವ ವೇಗದ ಬಗ್ಗೆ ಎರಕ ವಿಜ್ಞಾನಿ ಜಾನ್ ಕ್ಯಾಂಪ್‌ಬೆಲ್ ಒತ್ತಿ ಹೇಳುವ ಸೆಕೆಂಡಿಗೆ ಅರ್ಧ ಮೀಟರಿನ ಮಿತಿಯನ್ನು, ಲೋಹ ಹೊಯ್ಯುವ ಬಟ್ಟಲಿನ ಎತ್ತರ ತಗ್ಗಿಸಿ, ಸಾಧ್ಯವಾದಷ್ಟು ಪಾಲಿಸಿದೆವು. ಅದನ್ನು ಮೀರಿದರೆ ಲೋಹದ ಮೇಲ್ಮೈ ಮಡಚಿಕೊಂಡು ತನ್ನ ಆಕ್ಸೈಡ್ ಪೊರೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಮೇಣದ ಬಗ್ಗೆ ಒಂದು ಮಾತು. ದಪ್ಪ ಭಾಗದಲ್ಲಿ ಮೇಣವೂ ಕುಗ್ಗಿ ಮೇಲ್ಮೈ ಕುಸಿಯುತ್ತದೆ. ಅಂಥಲ್ಲಿ ಮೊದಲೇ ಒತ್ತಿಟ್ಟ ತಣ್ಣನೆಯ ಮೇಣದ ತುಂಡೊಂದನ್ನು ಡೈಯೊಳಗೆ ಇಟ್ಟು, ಅದರ ಸುತ್ತ ಬಿಸಿ ಮೇಣ ತುಂಬುವ ರೂಢಿಯನ್ನು ನನಗೆ ಕಲಿಸಿದವರು ಮೇಣದ ವಿಭಾಗದ ಹಿರಿಯರು.

ಹೊಸ ಆಕಾರವನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಒಂದೇ ಹೆಡ್ಡಿನ ಲೆಕ್ಕ ಚೊಕ್ಕಟವಾಗಿ ಬಂದಿತ್ತು. ಆದರೂ ಹೊಯ್ದು ಸೀಳಿದ ಹೆಡ್‌ಗಳಲ್ಲಿ ಕೆಲವು ಚೆನ್ನಾಗಿದ್ದರೆ ಕೆಲವುಗಳ ಹೀಲ್‌ನಲ್ಲಿ ಪೊಳ್ಳು ಉಳಿದೇ ಇತ್ತು. ಮಾದರಿಗಳನ್ನು ಅಂಟಿಸಿದ ಆ ಮೇಣದ ಮರದಲ್ಲಿ ಯಾವ ಜಾಗದ ಹೆಡ್ ಯಾವುದು ಎಂದು ಗುರುತು ಹಾಕಿ ಮತ್ತೆ ಹೊಯ್ದಾಗ ಕಾರಣ ಹೊರಬಿತ್ತು. ಶೆಲ್ ತನ್ನ ಶಾಖವನ್ನು ಬಹುಪಾಲು ವಿಕಿರಣದಿಂದಲೇ ಬಿಟ್ಟುಕೊಡುತ್ತದೆ. ಹೊರಗಿನ ಖಾಲಿ ಜಾಗವನ್ನು ನೋಡುವ ಬದಿ ಬೇಗ ತಣಿಯುತ್ತದೆ, ಪಕ್ಕದ ಹೆಡ್ಡನ್ನೋ ನಡುಗಂಬವನ್ನೋ ನೋಡುವ ಬದಿ ಕಾದೇ ಇರುತ್ತದೆ. ಒಂದು ಹೆಡ್ಡಿನ ಹೀಲ್ ಇನ್ನೊಂದರ ಹೀಲಿಗೆ ಎದುರಾಗಿದ್ದ ಜಾಗಗಳಲ್ಲೇ ಪೊಳ್ಳು ಇತ್ತು. ಪ್ರತಿ ಮರದಲ್ಲಿ ಒಂದು ಸಾಲು ಕಡಿಮೆ ಮಾಡಿ, ಹೀಲ್‌ಗಳೆಲ್ಲ ಹೊರಮುಖವಾಗಿರುವಂತೆ ಅಂಟಿಸುವ ಚೌಕಟ್ಟು ಮಾಡಿಸಿದೆವು. ಒಂದು ಮರಕ್ಕೆ ಸಿಗುವ ಹೆಡ್‌ಗಳು ಕಡಿಮೆಯಾದವೆಂಬ ಆಕ್ಷೇಪ ಬಂದರೂ, ಬಾಗಿಸುವಾಗ ಬಿರುಕು ಬಿಡುವ ಹೆಡ್‌ಗಳು ನಿಂತದ್ದನ್ನು ಕಂಡು ಅದನ್ನು ಯಾರೂ ಮುಂದುವರಿಸಲಿಲ್ಲ.

ಕೆಲವು ತಿಂಗಳುಗಳ ನಂತರ ಎಡಗೈ ಆಟಗಾರರ ಸೆಟ್ಟಿಗೆ ಅದೇ ನಕ್ಷೆಯ ಪ್ರತಿಬಿಂಬ ಮಾಡಿ ಡೈ ತಯಾರಿಸಿದೆವು. ಆಕಾರ, ದಪ್ಪ, ಗೇಟಿನ ಜಾಗ ಯಾವುದರಲ್ಲೂ ಒಂದಿನಿತೂ ವ್ಯತ್ಯಾಸವಿರಲಿಲ್ಲ. ಮೊದಲ ಹೊಯ್ತದಲ್ಲೇ ಹೋಸೆಲ್ ಬುಡದ ಪೊಳ್ಳು ಮರಳಿತ್ತು. ಅರ್ಧ ದಿನ ನಕ್ಷೆಯ ಮೇಲೆ ವೃತ್ತಗಳನ್ನು ಮತ್ತೆ ಬರೆದು ಏನೂ ಸಿಗದೆ, ಎದ್ದು ಮೇಣದ ವಿಭಾಗಕ್ಕೆ ಹೋಗಿ ನೋಡಿದೆ. ಬಲಗೈ ಹೆಡ್‌ಗೆಂದು ಮಾಡಿಸಿದ್ದ ಚೌಕಟ್ಟಿನಲ್ಲೇ ಎಡಗೈ ಮಾದರಿಗಳನ್ನೂ ಕೂರಿಸುತ್ತಿದ್ದರು. ಪ್ರತಿಬಿಂಬವಾದ್ದರಿಂದ ಎಲ್ಲ ಹೀಲ್‌ಗಳೂ ಈಗ ಒಳಗೆ, ಕಾದ ನಡುಗಂಬದ ಕಡೆಗೆ ಮುಖ ಮಾಡಿದ್ದವು. ಚೌಕಟ್ಟಿಗೂ ಒಂದು ಪ್ರತಿಬಿಂಬ ಮಾಡಿಸಿದೆವು. ಮುಂದಿನ ಮರದಿಂದ ನಾಲ್ಕು ಹೆಡ್ ಆರಿಸಿ ಸೀಳಿ, ಉಜ್ಜಿ, ಭೂತಗನ್ನಡಿಯ ಕೆಳಗೆ ಹಿಡಿದಾಗ ನಾಲ್ಕರ ಬುಡವೂ ತುಂಬಿತ್ತು. ಆ ಚೌಕಟ್ಟಿನ ನಕ್ಷೆಯನ್ನು ಅಂದಿನಿಂದ ಹೆಡ್ಡಿನ ನಕ್ಷೆಯ ಹಾಳೆಯಲ್ಲೇ ಸೇರಿಸಿ ಕೊಡುತ್ತಿದ್ದೇನೆ.